ಮೊದಲು ಯಾರ ಮಾತು

ನಮ್ಮ ಮ್ಯಾನೇಜರು ಫೋನಿನಲ್ಲಿ ಕೂಗತೊಡಗಿದರೆ ಅಂಗಳದಾಚೆಯ ಶೆಡ್ಡಿನಲ್ಲಿ ಕಾಫಿ ಬೀಜ ಆರಿಸುತ್ತ ಕುಳಿತ ಹೆಂಗಸರೆಲ್ಲ ಕೈ ನಿಲ್ಲಿಸಿ ಕೇಳುತ್ತಿದ್ದರು. "ಹಲೋ, ಹಲೋ, ಯು ಆರ್ ಬ್ರೇಕಿಂಗ್! ಬ್ರೇಕಿಂಗ್!" ಆ ಸೀಸನ್ನಿನಲ್ಲಿ ಇದು ದಿನಕ್ಕೆರಡು ಸಲವಾದರೂ ನಡೆಯುತ್ತಿತ್ತು. ಕೊನೆಗೆ ಹೆಂಗಸರು ಆ ಮಾತನ್ನೇ ತಮ್ಮದು ಮಾಡಿಕೊಂಡರು. ಒಬ್ಬಳ ಚಪ್ಪಲಿಯ ಉಂಗುಟ ಕಿತ್ತುಹೋದರೆ "ಬ್ರೇಕಿಂಗ್", ಡಬ್ಬಿಯಲ್ಲಿನ ರೊಟ್ಟಿ ಮುರಿದಿದ್ದರೆ "ಬ್ರೇಕಿಂಗ್". ಮ್ಯಾನೇಜರಿಗೆ ಅದು ಗೊತ್ತಿರಲಿಲ್ಲ. ಅವರು ಪಾಪ, ವಿದೇಶದ ಖರೀದಿದಾರರ ಜೊತೆ ಮಾತಾಡುವಾಗ ಪ್ರತಿ ಮೂರನೆಯ ಪದ ನುಂಗಿಹೋಗುತ್ತಿದ್ದ ಕಷ್ಟದಲ್ಲಿದ್ದರು.

ನಾನು ಕೆಲಸ ಮಾಡುವುದು ಚಿಕ್ಕಮಗಳೂರಿನ ಅಂಚಿನಲ್ಲಿರುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ. ಮೂಡಿಗೆರೆ, ಕಳಸ ಕಡೆಯ ಎಸ್ಟೇಟುಗಳಿಂದ ಲಾರಿಯಲ್ಲಿ ಬರುವ ಪಾರ್ಚ್‌ಮೆಂಟ್ ಕಾಫಿಯ ಸಿಪ್ಪೆ ಬಿಡಿಸಿ, ಬೀಜವನ್ನು ಗಾತ್ರದ ಪ್ರಕಾರ ಬೇರೆ ಮಾಡಿ, ಕೆಟ್ಟದ್ದನ್ನು ಆರಿಸಿ, ಮೂಟೆ ಕಟ್ಟಿ ಕಳಿಸುವ ಜಾಗ. ನಾನು ಅಲ್ಲಿಗೆ ಸೇರಿದ್ದು ಟೆಲಿಫೋನ್ ಆಪರೇಟರ್ ಆಗಿ. ಆಗ ಹೊರಗಿನ ಲೈನು ಎರಡೇ ಎರಡು, ಒಳಗೆ ಒಂಬತ್ತು ಫೋನು. ಯಾರ ಮಾತು ಮೊದಲು, ಯಾರು ಕಾಯಬೇಕು ಎನ್ನುವುದೆಲ್ಲ ಬೋರ್ಡಿನ ಮುಂದೆ ಕುಳಿತ ನನ್ನ ಕೈಯಲ್ಲಿತ್ತು. ಹೊರಗಿನಿಂದ ಅವಸರದ ಕರೆ ಬಂದರೆ ಯಾರದ್ದೋ ಹರಟೆಯ ನಡುವೆ ನುಗ್ಗಿ "ಸ್ವಲ್ಪ ಇಡಿ ಸಾರ್" ಎನ್ನುವ ಅಧಿಕಾರ ಇಪ್ಪತ್ತೈದರ ಹುಡುಗಿಯಾಗಿದ್ದ ನನಗಿತ್ತು. ಅದನ್ನು ನಾನು ಸಂತೋಷದಿಂದ ಚಲಾಯಿಸುತ್ತಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಬೋರ್ಡು ಹೋಯಿತು. ಇಂಟರ್ನೆಟ್ಟಿನ ಮೇಲೆ ನಡೆಯುವ ಫೋನು ಬಂತು. ಗೋಡೆಯೊಳಗಿನ ಯಾವ ವೈರು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಹೊಸ ವೈರುಗಳೂ ನನ್ನ ಪಾಲಿಗೇ ಬಂದವು. ಊರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನನ್ನ ಮಗಳ ವಯಸ್ಸಿನವರ ಜೊತೆ ಆರು ತಿಂಗಳು ಕುಳಿತು ನೆಟ್‌ವರ್ಕಿಂಗ್ ಕಲಿತೆ. ಆಪರೇಟರಮ್ಮ ಆಗಿದ್ದವಳು ಕಂಪ್ಯೂಟರ್ ಮೇಡಂ ಆದೆ.

ಹಾಗಾಗಿ ಫೋನಿನ ಮಾತು ಹರಿದು ಹರಿದು ಬರತೊಡಗಿದಾಗ ಮ್ಯಾನೇಜರು ಕರೆದದ್ದು ನನ್ನನ್ನೇ.

"ಏನಮ್ಮ ಇದು? ಅವ್ರು ಪೀಬೆರಿ ಬೇಕು ಅಂದ್ರೋ ಬೇಡ ಅಂದ್ರೋ ಅಂತಲೇ ಗೊತ್ತಾಗ್ಲಿಲ್ಲ. ನಾನು ಎಲ್ಲದಕ್ಕೂ ಎಸ್ ಎಸ್ ಅಂದಿದೀನಿ."

"ಬೇಕು ಅಂದಿದ್ರೆ ಸರಿ ಹೋಯ್ತಲ್ಲ ಸಾರ್."

"ಬೇಡ ಅಂದಿದ್ರೆ?"

ಪೀಬೆರಿ ಎಂದರೆ ಹಣ್ಣಿಗೊಂದೇ ದುಂಡು ಬೀಜವಿರುವ, ಹೆಚ್ಚು ಬೆಲೆಯ ಕಾಫಿ. ನಮಗೆ ಸ್ವಿಚ್ ಕೊಟ್ಟಿದ್ದ ಅಂಗಡಿಯ ಟೆಕ್ನೀಷಿಯನ್ನಿಗೆ ಫೋನ್ ಮಾಡಿದೆ. ಸ್ವಿಚ್ ಎಂದರೆ ದೀಪದ ಸ್ವಿಚ್ಚಲ್ಲ. ಆಫೀಸಿನ ಗೋಡೆಯ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಕುಳಿತಿರುವ, ಇಪ್ಪತ್ತನಾಲ್ಕು ಕಿಂಡಿಗಳ ಯಂತ್ರ. ನಮ್ಮ ಎಲ್ಲ ಕಂಪ್ಯೂಟರು, ಫೋನು, ಕ್ಯಾಮೆರಾ, ವೈಫೈ ಡಬ್ಬಿಗಳ ವೈರು ಬಂದು ಸೇರುವುದು ಅಲ್ಲಿಗೆ. ಅಲ್ಲಿಂದ ಒಂದೇ ಒಂದು ವೈರು ರೂಟರಿಗೆ, ರೂಟರಿನಿಂದ ಹೊರಗಿನ ಪ್ರಪಂಚಕ್ಕೆ.

"ಮೇಡಂ, ನಿಮ್ಮ ಲೈನಿಗೆ ಏನೂ ಆಗಿಲ್ಲ. ಎಲ್ಲ ಒಟ್ಟಿಗೆ ನುಗ್ತಿದೆ, ಅಷ್ಟೆ. ಸ್ವಿಚ್ಚಿನೊಳಗೆ ಕ್ವಾಲಿಟಿ ಆಫ್ ಸರ್ವೀಸ್ ಅಂತ ಒಂದು ಪುಟ ಇರ್ತದೆ, ತೆಗ್ದು ನೋಡಿ. ಯಾವುದು ಮೊದ್ಲು ಹೋಗ್ಬೇಕು, ಯಾವುದು ಕಾಯ್ಬಹುದು ಅಂತ ಹೇಳಿಕೊಟ್ರೆ ಅದು ಹಾಗೇ ಬಿಡ್ತದೆ" ಎಂದ ಅವನು.

ನನಗೆ ನಗು ಬಂತು. ನನ್ನ ಹಳೆಯ ಕೆಲಸವನ್ನು ಒಂದು ಪೆಟ್ಟಿಗೆಗೆ ಕಲಿಸಬೇಕಿತ್ತು.

ಯಾರಿಗೆ ಏನು ಬೇಕು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಬಾರದೆಂದು ಒಂದು ಹಾಳೆ ಮಾಡಿ ಎಲ್ಲ ವಿಭಾಗಕ್ಕೂ ಹಂಚಿದೆ. ಇಂಟರ್ನೆಟ್ಟಿನಲ್ಲಿ ನಿಮಗೆ ತೀರಾ ಅಗತ್ಯವಾದದ್ದು ಏನು, ಬರೆಯಿರಿ ಎಂದು. ಎಲ್ಲರೂ ತಮ್ಮದೇ ಮೊದಲು ಎಂದು ಬರೆದರು. ತೂಕದ ಮನೆಯಲ್ಲಿ ಲೆಕ್ಕ ಬರೆಯುವ ರೈಟರು ಹಾಳೆ ತುಂಬಿಸುವ ಬದಲು ತಾವೇ ಎದ್ದು ಬಂದರು. ಲಾರಿ ವೇಬ್ರಿಡ್ಜಿನ ತೂಕದ ಕಟ್ಟೆಯ ಮೇಲೆ ನಿಂತ ಕೂಡಲೇ ತೂಕ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಹೊರಗಿರುವ ಸರ್ವರಿಗೆ ಹೋಗಿ, ಚೀಟಿ ಆಗಿ ಹೊರಬರಬೇಕು. ಅಲ್ಲಿಯವರೆಗೆ ಲಾರಿ ಕದಲುವಂತಿಲ್ಲ. ರೈಟರು ನನಗಿಂತ ಹತ್ತು ವರ್ಷ ಹಿರಿಯರು, ಎತ್ತರದ ಆಸಾಮಿ, ಮೂಗಿನ ತುದಿಯಲ್ಲಿ ಕನ್ನಡಕ.

"ಫೋನು ಮೊದ್ಲಂತೆ! ಎಂತ ಮಾತು ಮಾರಾಯ್ತಿ ಅದು? ಸಾಹೇಬ್ರು ಹಲೋ ಅಂತ ಇನ್ನೊಂದ್ಸಲ ಕೂಗ್ಬಹುದು. ಲಾರಿನ ನಾನು ಇನ್ನೊಂದ್ಸಲ ಎತ್ತಿ ಇಡ್ಲಿಕ್ಕೆ ಆಗ್ತದಾ?"

"ನಿಮ್ಮ ಚೀಟಿ ಸಣ್ಣದು ರೈಟ್ರೆ. ಎರಡನೇ ಸಾಲಿನಲ್ಲಿ ನಿಂತ್ರೂ ಕಣ್ಣು ಮಿಟುಕಿಸೋದ್ರಲ್ಲಿ ಹೋಗ್ತದೆ."

"ಎರಡನೇದಾ? ಆಯ್ತು, ನೋಡುವ" ಎಂದು ಅನುಮಾನದಿಂದಲೇ ಹೋದರು.

ಲ್ಯಾಬಿನಿಂದ ಬಂದ ಹಾಳೆಯಲ್ಲಿ ಎರಡೇ ಸಾಲು ಇತ್ತು. ಲ್ಯಾಬಿನಲ್ಲಿ ಕಾಫಿಯ ರುಚಿ ನೋಡುವವಳು ಕಳಸದ ಹೆಂಗಸು. ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಆದರೆ ಅವಳ ನಾಲಿಗೆಯ ಬಗ್ಗೆ ನಮ್ಮಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಸಾಲಾಗಿ ಇಟ್ಟ ಹತ್ತು ಬಟ್ಟಲುಗಳಲ್ಲಿ ಯಾವ ಕಾಫಿ ಒದ್ದೆಯಲ್ಲಿ ಬಿದ್ದಿತ್ತು, ಯಾವುದು ಮೆಣಸಿನ ಮೂಟೆಯ ಪಕ್ಕ ಮಲಗಿತ್ತು ಎಂದು ಒಂದೊಂದು ಚಮಚಕ್ಕೆ ಬರೆದುಕೊಡುತ್ತಾಳೆ. ರುಚಿ ನೋಡುವಾಗ ಚಮಚದ ಕಾಫಿಯನ್ನು ಗಾಳಿಯ ಜೊತೆ ಜೋರಾಗಿ ಸೊರ್ರನೆ ಎಳೆದುಕೊಳ್ಳಬೇಕು, ಅದು ಆ ಕೆಲಸದ ಪದ್ಧತಿ. ಬೇರೆಯವರು ಸ್ವಲ್ಪ ಸಂಕೋಚದಿಂದ ಎಳೆಯುತ್ತಾರೆ. ತನ್ನ ಸದ್ದು ತನಗೇ ಕೇಳಿಸದ ಇವಳಿಗೆ ಆ ಸಂಕೋಚವಿಲ್ಲ. ಅವಳು ಎಳೆದರೆ ಕಾರಿಡಾರಿನ ಈ ತುದಿಗೆ ಕೇಳುತ್ತದೆ.

ಅವಳ ಹಾಳೆಯಲ್ಲಿ ಇದ್ದದ್ದು ಇಷ್ಟೆ: "ರಿಪೋರ್ಟ್ ಕಳಿಸುವುದು. ಫೋನ್."

ಎರಡನೆಯ ಪದವನ್ನು ನೋಡಿ, ಮೆಸೇಜು ನೋಡಲಿಕ್ಕೆ ಇರಬೇಕು ಎಂದುಕೊಂಡೆ. ಮೆಸೇಜು ಕೊನೆಯ ಸಾಲಿನಲ್ಲಿ ನಿಂತರೂ ತೊಂದರೆಯಿಲ್ಲ. ಅವಳನ್ನು ಹೋಗಿ ಕೇಳಲಿಲ್ಲ. ಕೇಳುವುದಾಗಿದ್ದರೆ ಲ್ಯಾಬು ನನ್ನ ಮೇಜಿನಿಂದ ಮೂವತ್ತು ಹೆಜ್ಜೆ.

ಒಂದು ಭಾನುವಾರ ಬೆಳಿಗ್ಗೆ, ಮೆಷಿನ್ನುಗಳೆಲ್ಲ ನಿಂತಿದ್ದಾಗ ಕೂತು ಕೆಲಸ ಶುರು ಮಾಡಿದೆ. ನಾಲ್ಕು ಸಾಲು ಮಾಡಿದೆ. ಮೊದಲನೆಯದರಲ್ಲಿ ಆಫೀಸ್ ಫೋನುಗಳ ಧ್ವನಿ. ಎರಡನೆಯದರಲ್ಲಿ ತೂಕದ ಮನೆ ಮತ್ತು ಲ್ಯಾಬಿನ ರಿಪೋರ್ಟು. ಮೂರನೆಯದರಲ್ಲಿ ಮೇಲ್ ಇತ್ಯಾದಿ. ಕೊನೆಯದರಲ್ಲಿ ವೀಡಿಯೋ ಅನ್ನಿಸಿದ್ದೆಲ್ಲ, ಅಂದರೆ ಗೋಡೌನಿನ ಕ್ಯಾಮೆರಾಗಳು, ಡ್ರೈವರುಗಳ ಕೋಣೆಯ ಟಿವಿ, ಎಲ್ಲರ ಮೊಬೈಲು. ಸೇವ್ ಮಾಡಿ, ನನ್ನ ಮೇಜಿನ ಫೋನಿನಿಂದ ತಂಗಿಗೆ ಕರೆ ಮಾಡಿ, ಜೊತೆಗೆ ಬೇಕೆಂದೇ ಒಂದು ದೊಡ್ಡ ಫೈಲು ಕಳಿಸತೊಡಗಿದೆ.

"ಅಕ್ಕ, ನಿನ್ನ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳ್ತಿದೆ" ಎಂದಳು ತಂಗಿ.

ಏನೂ ಬದಲಾಗಿರಲಿಲ್ಲ. ಒಂದು ಗಂಟೆ ತಲೆ ಕೆರೆದುಕೊಂಡೆ. ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಬರೆದೆ. ಆಮೇಲೆ ಕಾಫಿ ಕುಡಿಯಲೆಂದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಾಗ ಖಾಲಿ ಗೇಟು ಕಣ್ಣಿಗೆ ಬಿತ್ತು. ವಾರದ ದಿನಗಳಲ್ಲಿ ಲಾರಿಗಳು ಗೇಟಿನೊಳಗೇ ಸಾಲು ನಿಂತಿದ್ದರೆ ಯಾವುದನ್ನು ಮೊದಲು ಬಿಡಬೇಕೆಂದು ನಮ್ಮ ವಾಚ್‌ಮನ್ ಹೇಳಬಹುದು. ಅವನು ಎಲ್ಲವನ್ನೂ ಗೇಟಿನಿಂದಾಚೆ ಬಿಟ್ಟು, ಅವು ಮುಂದಿನ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡರೆ ಅಲ್ಲಿ ಅವನ ಮಾತು ನಡೆಯುವುದಿಲ್ಲ. ನನ್ನ ಸ್ವಿಚ್ಚೂ ಹಾಗೆಯೇ ಮಾಡುತ್ತಿತ್ತು. ಸ್ವಿಚ್ಚಿನಿಂದ ರೂಟರಿಗೆ ಹೋಗುವ ವೈರು ಬಹಳ ವೇಗದ್ದು, ಅಲ್ಲಿ ಎಂದೂ ಗುಂಪಾಗುವುದೇ ಇಲ್ಲ. ಗುಂಪಾಗುತ್ತಿದ್ದದ್ದು ರೂಟರಿನಾಚೆಗಿನ ಕಿರಿದಾದ ಲೈನಿನಲ್ಲಿ. ಸ್ವಿಚ್ಚಿನಲ್ಲಿ ಯಾರೂ ಕಾಯುತ್ತಿಲ್ಲದಿದ್ದರೆ ಅದು ಯಾರನ್ನು ತಾನೇ ಮೊದಲು ಬಿಟ್ಟೀತು?

ಒಳಗೆ ಓಡಿಹೋಗಿ ರೂಟರಿನ ವೈರು ಸಿಕ್ಕಿಸಿದ ಕಿಂಡಿಯ ವೇಗವನ್ನು ಹೊರಗಿನ ಲೈನಿಗಿಂತ ಒಂದು ಚೂರು ಕಡಿಮೆಗೆ ಕಟ್ಟಿಹಾಕಿದೆ. ಮತ್ತೆ ತಂಗಿಗೆ ಕರೆ.

"ಈಗ?"

"ಈಗ ನೀನು ಪಕ್ಕದಲ್ಲಿ ಕೂತು ಉಸಿರಾಡಿದ ಹಾಗಿದೆ. ಭಾನುವಾರಾನೂ ಎಂತ ನಿನ್ನ ಗಲಾಟೆ? ಇಡು ಫೋನು, ಸಾರು ಉಕ್ತಿದೆ."

ಸೋಮವಾರ ಮಧ್ಯಾಹ್ನ ಮ್ಯಾನೇಜರು ಖರೀದಿದಾರರ ಜೊತೆ ಮಾತಾಡಿದರು. ಬಾಗಿಲು ಹಾಕಿತ್ತು, ಹೊರಗೆ ಒಂದು ಪದವೂ ಕೇಳಲಿಲ್ಲ. ಆರಿಸುವ ಶೆಡ್ಡಿನಲ್ಲಿ ನಿರಾಶೆ. ಮಾತು ಮುಗಿಸಿ ಹೊರಬಂದ ಮ್ಯಾನೇಜರ ಮುಖ ಅರಳಿತ್ತು.

"ಎಷ್ಟು ಕ್ಲಿಯರ್ ಅಂದ್ರೆ, ನಮ್ಮಲ್ಲಿ ಹಿಂದುಗಡೆ ಎಂತದೋ ಮೆಷಿನ್ ಕೆಟ್ಟಿದೆಯಾ ಅಂತ ಕೇಳಿದ್ರು ಅವ್ರು. ಸೊರ್ ಸೊರ್ ಅಂತ ಹೇಗೆ ಕೇಳಿಸ್ತದೆ ಗೊತ್ತಾ?" ಎಂದರು. ಲ್ಯಾಬಿನವಳು ಆ ಹೊತ್ತಿಗೆ ಗೋಡೆಯ ಆಚೆ ರುಚಿ ನೋಡುತ್ತಿದ್ದಳು.

ಪೀಬೆರಿ ಬೇಕು ಎಂದೇ ಅವರು ಹೇಳಿದ್ದಂತೆ. ಆ ಖುಷಿಗೆ ಎದುರಿನ ಹೋಟೆಲಿನಿಂದ ಎಲ್ಲರಿಗೂ ಬನ್ಸು ತರಿಸಿದರು. ಚೀಟಿ ಸರಾಗವಾಗಿ ಬರುತ್ತಿದ್ದುದರಿಂದ ರೈಟರೂ ಎರಡು ತಿಂದು, "ಎರಡನೇ ಸಾಲು ಅಡ್ಡಿಲ್ಲ" ಎಂದರು. ನಾನು ಮೂರು ದಿನ ತಲೆ ಎತ್ತಿ ನಡೆದೆ.

ಲ್ಯಾಬಿನವಳಿಗೆ ಕಳಸದಲ್ಲಿ ಒಬ್ಬಳು ಅಕ್ಕ ಇದ್ದಾಳೆ. ಅವಳಿಗೂ ಕಿವಿ ಕೇಳಿಸುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಇವಳು ಫೋನನ್ನು ಕಾಫಿ ಡಬ್ಬಿಗೆ ಆನಿಸಿ ನಿಲ್ಲಿಸುತ್ತಾಳೆ, ಅತ್ತ ಅಕ್ಕ ಹೊಲಿಗೆ ಮೆಷಿನ್ನಿಗೆ ಆನಿಸುತ್ತಾಳೆ, ಇಬ್ಬರೂ ವೀಡಿಯೋದಲ್ಲಿ ಕೈಸನ್ನೆಯಲ್ಲಿ ಮಾತಾಡುತ್ತಾರೆ. ನಾನು ಆ ಬಾಗಿಲ ಮುಂದೆ ಎಷ್ಟೋ ಸಲ ಹಾದುಹೋಗಿದ್ದೆ. ಇವಳ ಕೈಬೆರಳುಗಳು ಎಂಥ ವೇಗದಲ್ಲಿ ಓಡುತ್ತಿದ್ದವು ಎಂದರೆ ಜಗಳವೋ ನಗೆಯೋ ಎಂದು ಹೇಳಲು ಮುಖ ನೋಡಬೇಕಿತ್ತು.

ಆ ಸೋಮವಾರ ಹಾದುಹೋಗುವಾಗ ಅವಳ ಕೈ ಬಹಳ ನಿಧಾನವಾಗಿ ಚಲಿಸುತ್ತಿತ್ತು. ಒಂದು ಸನ್ನೆ ಮಾಡಿ ನಿಲ್ಲಿಸುವಳು, ಮತ್ತೆ ಅದನ್ನೇ ಮಾಡುವಳು. ಮನೆಯಲ್ಲಿ ಏನೋ ಕಷ್ಟದ ವಿಷಯ ಇರಬೇಕು, ಎಣಿಸಿ ಎಣಿಸಿ ಮಾತಾಡುತ್ತಿದ್ದಾಳೆ ಎಂದುಕೊಂಡು ಸುಮ್ಮನೆ ಬಂದೆ. ಮರುದಿನದಿಂದ ಊಟದ ಹೊತ್ತಿಗೆ ಅವಳು ಲ್ಯಾಬಿನಲ್ಲೇ ಇರಲಿಲ್ಲ.

ಹೇಳಿದವರು ರೈಟರು. ತೂಕದ ಮನೆಯ ಕಿಟಕಿಯಿಂದ ಅವರಿಗೆ ರಸ್ತೆಯೆಲ್ಲ ಕಾಣುತ್ತದೆ.

"ಆ ಲ್ಯಾಬಿನ ಹುಡುಗಿ ಎಂತಕ್ಕೆ ಮೂರು ದಿನದಿಂದ ಬಿಸಿಲಲ್ಲಿ ಬಸ್ಸಿನ ಶೆಲ್ಟರ್ ಹತ್ರ ನಿಲ್ತಾಳೆ? ಬಸ್ಸು ಬಂದ್ರೂ ಹತ್ತೂದಿಲ್ಲ."

ಹೋಗಿ ನೋಡಿದೆ. ನಮ್ಮ ಹಳೇ ಕಟ್ಟಡದ ದಪ್ಪ ಗೋಡೆ, ತಗಡಿನ ಮಾಡಿನ ಅಡಿಯಲ್ಲಿ ಮೊಬೈಲಿನ ಸಿಗ್ನಲ್ಲೇ ಬರುವುದಿಲ್ಲ, ಒಳಗೆ ಏನಿದ್ದರೂ ವೈಫೈ. ಸಿಗ್ನಲ್ ಬೇಕೆಂದರೆ ರಸ್ತೆಗೆ ಬರಬೇಕು. ಅವಳು ಶೆಲ್ಟರಿನ ಕಂಬದ ಪಕ್ಕ ನಿಂತು, ಎಡಗೈಯಲ್ಲಿ ಫೋನು ಹಿಡಿದು ಉಳಿದ ಒಂದೇ ಕೈಯಲ್ಲಿ ಮಾತಾಡುತ್ತಿದ್ದಳು. ಎರಡು ಕೈ ಬೇಕಾದ ಸನ್ನೆ ಬಂದಾಗ ಫೋನನ್ನು ಗಲ್ಲದ ಕೆಳಗೆ ಸಿಕ್ಕಿಸಿಕೊಳ್ಳಲು ನೋಡುವಳು. ಆಗ ಅಕ್ಕನಿಗೆ ಆಕಾಶ ಮಾತ್ರ ಕಾಣುತ್ತಿದ್ದಿರಬೇಕು.

ನನ್ನನ್ನು ನೋಡಿ ಅವಳಿಗೆ ಗಾಬರಿಯಾಯಿತು. ಊಟದ ಸಮಯ ಮುಗಿಯಿತೇನೋ ಎಂದು ಗಡಿಯಾರ ನೋಡಿಕೊಂಡಳು. ಇಲ್ಲ ಇಲ್ಲ ಎಂದು ಕೈಯಾಡಿಸಿ, ಒಳಗೆ ಏಕೆ ಮಾತಾಡುವುದಿಲ್ಲ ಎಂದು ನನ್ನ ಫೋನಿನಲ್ಲಿ ಬರೆದು ತೋರಿಸಿದೆ. ಅವಳು ಬರೆದಳು: "ಒಳಗೆ ಅಕ್ಕ ನನಗೆ ಕಾಣುತ್ತಾಳೆ. ನನ್ನ ಕೈ ಅಕ್ಕನಿಗೆ ಕಾಣುವುದಿಲ್ಲ. ಚೂರು ಚೂರು. ಸೋಮವಾರದಿಂದ."

ಸೋಮವಾರ ನಾನು ಬನ್ಸು ತಿಂದ ದಿನ. ಹೊರಗೆ ಹೋಗುವ ದಾರಿಯಲ್ಲಿ ಅವಳ ವೀಡಿಯೋವನ್ನು ಗೋಡೌನಿನ ಕ್ಯಾಮೆರಾಗಳ ಹಿಂದೆ, ಡ್ರೈವರುಗಳ ಕ್ರಿಕೆಟ್ಟಿನ ಜೊತೆ ನಿಲ್ಲಿಸಿದವಳು ನಾನು. ಹಾಳೆಯಲ್ಲಿ ಅವಳು ಫೋನ್ ಎಂದು ಸರಿಯಾಗಿಯೇ ಬರೆದಿದ್ದಳು. ಅವಳ ಮಾತು ಕೈಯಲ್ಲಿ ಇರುವಾಗ ಅವಳ ಫೋನು ವೀಡಿಯೋ ಅಲ್ಲದೆ ಇನ್ನೇನಾಗಿರಲು ಸಾಧ್ಯ?

"ತಪ್ಪು ನನ್ನದು. ಸರಿ ಮಾಡುತ್ತೇನೆ" ಎಂದು ಬರೆದೆ. "ಮೊದಲೇ ಏಕೆ ಹೇಳಲಿಲ್ಲ?"

"ಎಲ್ಲರೂ ಖುಷಿಯಾಗಿದ್ದರು" ಎಂದು ಬರೆದು, ಭುಜ ಕುಣಿಸಿ ನಕ್ಕಳು.

ಮ್ಯಾನೇಜರಿಗೆ ಹೇಳಿದೆ. ಅವರು ಒಳ್ಳೆಯವರು, ಆದರೆ ಹೊಸದಾಗಿ ಸಿಕ್ಕಿದ ಸ್ಪಷ್ಟ ಧ್ವನಿಯನ್ನು ಕಳೆದುಕೊಳ್ಳುವ ಭಯ ಅವರಿಗೆ.

"ಮಾಡಮ್ಮ, ಬೇಡ ಅನ್ನಲ್ಲ. ಆದ್ರೆ ನನ್ನ ಕಾಲ್ ಮತ್ತೆ ಬ್ರೇಕಿಂಗ್ ಆಗ್ಬಾರ್ದು."

ನಾನು ಅವಸರದಲ್ಲಿದ್ದೆ. ಅವಳ ಫೋನನ್ನು ಸ್ವಿಚ್ಚಿಗೆ ಗುರುತಿಸಿಕೊಟ್ಟು, ಅದರಿಂದ ಹೊರಟದ್ದೆಲ್ಲ ನೇರವಾಗಿ ಮೊದಲನೆಯ ಸಾಲಿಗೆ ಎಂದು ಬರೆದುಬಿಟ್ಟೆ. ನನ್ನ ತಪ್ಪಿಗೆ ನಾನೇ ವಿಧಿಸಿಕೊಂಡ ಪ್ರಾಯಶ್ಚಿತ್ತದ ಹಾಗಿತ್ತು ಅದು. ಆದರೆ ಮೊದಲನೆಯ ಸಾಲಿನ ನಿಯಮ ಕಟುವಾದದ್ದು. ಅದರಲ್ಲಿ ಏನಾದರೂ ಇರುವ ತನಕ ಬೇರೆ ಸಾಲುಗಳು ಬಾಯಿ ಮುಚ್ಚಿಕೊಂಡು ನಿಂತಿರಬೇಕು. ಧ್ವನಿ ತೆಳ್ಳಗಿನದು, ಸರಕ್ಕನೆ ಹೋಗಿಬಿಡುತ್ತದೆ. ವೀಡಿಯೋ ಹಾಗಲ್ಲ, ಸೋಫಾ ಸೆಟ್ಟು ಹೊತ್ತು ಬಸ್ಸಿಗೆ ಹತ್ತುವವರ ಥರ.

ಮರುದಿನ ಮಧ್ಯಾಹ್ನ ಅಕ್ಕ ತಂಗಿ ಮೂರು ದಿನದ ಬಾಕಿ ಮಾತಿಗೆ ಕುಳಿತರು. ಅದೇ ಹೊತ್ತಿಗೆ ಮ್ಯಾನೇಜರ ಕರೆ. ಹತ್ತು ನಿಮಿಷವಾಗುವಷ್ಟರಲ್ಲಿ ಕಾರಿಡಾರಿನಲ್ಲಿ "ಹಲೋ, ಹಲೋ" ಶುರುವಾಯಿತು. ಶೆಡ್ಡಿನ ಹೆಂಗಸರು ಒಕ್ಕೊರಲಿನಿಂದ "ಬ್ರೇಕಿಂಗ್" ಎಂದರು. ಅದರ ಬೆನ್ನಿಗೇ ರೈಟರು ಕನ್ನಡಕ ಕೈಯಲ್ಲಿ ಹಿಡಿದು ಬಂದರು.

"ಚೀಟಿ ಎಲ್ಲಿ ಮಾರಾಯ್ತಿ? ಮೂಡಿಗೆರೆ ಲಾರಿ ಹತ್ತಿ ನಿಂತದ್ದು, ಇಳೀಲಿಕ್ಕೆ ಆಗೂದಿಲ್ಲ. ಹಿಂದೆ ನಾಲ್ಕು ಲಾರಿ ರಸ್ತೆ ತನಕ ಸಾಲು ನಿಂತಿವೆ. ಬಸ್ಸಿನವ್ನು ಹಾರ್ನ್ ಹೊಡೀತಾ ಇದ್ದಾನೆ, ಕೇಳೂದಿಲ್ವಾ ನಿಮ್ಗೆ?"

ಕೇಳುತ್ತಿತ್ತು. ಇಡೀ ವರ್ಕ್ಸಿನಲ್ಲಿ ಅದು ಕೇಳಿಸದೆ, ನಗುನಗುತ್ತ ಮಾತಾಡುತ್ತಿದ್ದವಳು ಒಬ್ಬಳೇ. ಅವಳ ಕರೆ ಮುಗಿಯುವವರೆಗೆ ನಾನು ಏನೂ ಮುಟ್ಟಲಿಲ್ಲ. ರೈಟರನ್ನು ಕುರ್ಚಿಯ ಮೇಲೆ ಕೂರಿಸಿ, ಯಾಕೆ ಹೀಗಾಯಿತು ಎಂದು ವಿವರಿಸಿದೆ. ಬಸ್ ಶೆಲ್ಟರಿನ ವಿಷಯವೂ ಹೇಳಿದೆ. ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು.

"ಹಾಗಾದ್ರೆ ಒಂದು ಕೈಯಲ್ಲೇ ಮಾತಾಡ್ತಿದ್ಳಾ ಅವ್ಳು ಅಲ್ಲಿ?"

"ಹೌದು ರೈಟ್ರೆ."

"ಛೆ. ಸರಿ, ಹಿಂದಿನ ಲಾರಿಗಳನ್ನ ಸೈಡಿಗೆ ನಿಲ್ಲಿಸ್ತೇನೆ. ನಾಳೆಯೊಳಗೆ ಎಂತಾದ್ರೂ ಒಂದು ಉಪಾಯ ಮಾಡಿ."

ಸಂಜೆ ಕೆಲಸ ಮುಗಿಯುವ ಮೊದಲು ಸಮಾಧಾನದಿಂದ ಕುಳಿತೆ. ಈ ಸಲ ಊಹೆಯ ಮೇಲೆ ಏನನ್ನೂ ಬರೆಯಲಿಲ್ಲ. ಸ್ವಿಚ್ಚಿನ ಲೆಕ್ಕದಲ್ಲಿ ಯಾವ ಕಿಂಡಿಯಿಂದ ಎಷ್ಟು ಹೊರಗೆ ಹೋಗುತ್ತಿದೆ ಎಂದು ಒಂದೊಂದಾಗಿ ನೋಡಿದೆ. ಅಲ್ಲಿ ಸಿಕ್ಕಿತು ಕಳ್ಳ. ಗೋಡೌನಿನ ಹಿಂದಿನ ಒಂದು ಕ್ಯಾಮೆರಾ, ಅತ್ಯಂತ ದೊಡ್ಡ ಚಿತ್ರದಲ್ಲಿ, ಹಗಲಿಡೀ ಎಲ್ಲೋ ದೂರದ ಸರ್ವರಿಗೆ ಕಳಿಸುತ್ತಲೇ ಇತ್ತು. ಅದು ನೋಡುತ್ತಿದ್ದದ್ದು ಏನು ಎಂದು ತೆರೆದು ನೋಡಿದೆ. ಒಂದು ಹಲಸಿನ ಮರ. ಮರದ ಕೆಳಗೆ ಮಲಗಿದ್ದ ನಾಯಿ. ಯಾರೋ ಏಣಿ ಹಾಕಿ ಬಲ್ಬು ಬದಲಿಸುವಾಗ ಕ್ಯಾಮೆರಾದ ಕತ್ತು ತಿರುಗಿಸಿರಬೇಕು. ಆ ನಾಯಿಯ ನಿದ್ದೆಯನ್ನು ಇಷ್ಟು ದಿನ ನಾವು ಅತ್ಯುತ್ತಮ ದರ್ಜೆಯ ಚಿತ್ರದಲ್ಲಿ ಜಗತ್ತಿಗೆ ಕಳಿಸಿದ್ದೆವು.

ಕ್ಯಾಮೆರಾವನ್ನು ಗೋಡೌನಿನ ಬಾಗಿಲಿಗೆ ತಿರುಗಿಸಿ, ಚಿತ್ರದ ಗಾತ್ರ ತಗ್ಗಿಸಿ, ಎಲ್ಲ ಕ್ಯಾಮೆರಾಗಳಿಗೂ ಒಂದು ಮಿತಿ ಹಾಕಿದೆ. ಆಮೇಲೆ ಲ್ಯಾಬಿನವಳ ಕರೆಗೆ ಪ್ರತ್ಯೇಕವಾಗಿ ಒಂದು ಸಾಲು ಮಾಡಿದೆ. ಎಲ್ಲರನ್ನೂ ತಳ್ಳಿ ನುಗ್ಗುವ ಸಾಲಲ್ಲ. ಎಷ್ಟೇ ನೂಕುನುಗ್ಗಲಿದ್ದರೂ ಇಷ್ಟು ಜಾಗ ಇವಳದು, ಇದನ್ನು ಯಾರೂ ಕಸಿಯುವಂತಿಲ್ಲ, ಇವಳೂ ಇನ್ನೊಬ್ಬರದನ್ನು ಕಸಿಯುವುದಿಲ್ಲ ಎಂದು ಖಾತ್ರಿಯಾಗಿ ಅಳೆದುಕೊಟ್ಟ ಸಾಲು. ಮ್ಯಾನೇಜರ ಧ್ವನಿ ಹಿಂದಿನಂತೆ ಮೊದಲು. ತೂಕದ ಚೀಟಿಗೂ ಅದರದೇ ಪಾಲು. ಡ್ರೈವರುಗಳ ಟಿವಿ ಎಲ್ಲರ ಹಿಂದೆ.

ಆದರೆ ಎರಡು ಸಲ ಮುಗ್ಗರಿಸಿದವಳಿಗೆ ನಂಬಿಕೆ ಸಾಲದು. ಮಾರನೆಯ ದಿನ ಊಟದ ಹೊತ್ತಿಗೆ ಎಲ್ಲರನ್ನೂ ಒಟ್ಟಿಗೆ ಹಿಡಿದು ಪರೀಕ್ಷೆ ಮಾಡುವುದೆಂದು ಹೇಳಿದೆ. ಮ್ಯಾನೇಜರು ತಮ್ಮ ಕೋಣೆಯಿಂದ ಮೈಸೂರಿನಲ್ಲಿರುವ ಅಣ್ಣನಿಗೆ ಕರೆ ಮಾಡಿ ಏನಾದರೂ ಮಾತಾಡುತ್ತಿರಬೇಕು. ರೈಟರು ಒಂದು ಖಾಲಿ ಲಾರಿಯನ್ನು ಹತ್ತಿಸಿ ಇಳಿಸಿ ಚೀಟಿ ತೆಗೆಯುತ್ತಿರಬೇಕು. ಡ್ರೈವರುಗಳು ಟಿವಿಯಲ್ಲಿ ಮ್ಯಾಚ್ ಹಾಕಬೇಕು. ಇದನ್ನು ಯಾರೂ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ನಾನು ಲ್ಯಾಬಿನಲ್ಲಿ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತೆ.

ಕರೆ ಹೋಯಿತು. ಕಳಸದ ಅಂಗಡಿಯ ಬಣ್ಣಬಣ್ಣದ ನೂಲಿನ ಉಂಡೆಗಳ ಮುಂದೆ ಅಕ್ಕನ ಮುಖ ಬಂತು. ಕುತ್ತಿಗೆಯಲ್ಲಿ ಅಳತೆಯ ಟೇಪು. ತಂಗಿ ನಿಧಾನಕ್ಕೆ, ಒಂದೊಂದೇ ಸನ್ನೆ ಮಾಡಿದಳು. ಅಕ್ಕ ತಲೆಯಾಡಿಸಿದಳು. ಇನ್ನೊಂದು ಮಾಡಿದಳು, ತಲೆಯಾಡಿಸಿದಳು. ಆಮೇಲೆ ಅಕ್ಕ ಎರಡೂ ಕೈಯನ್ನು ಮುಂದಕ್ಕೆ ಉರುಳಿಸುವ ಹಾಗೆ ಬೀಸಿದಳು. ಬೇಗ ಬೇಗ ಹೇಳು ಎನ್ನುವುದು ನನಗೂ ತಿಳಿಯಿತು. ಇವಳ ಬೆರಳುಗಳು ಹಳೆಯ ವೇಗಕ್ಕೆ ಬಂದವು.

ಕಾರಿಡಾರಿನಲ್ಲಿ ಮ್ಯಾನೇಜರು ಅಣ್ಣನ ಮಂಡಿನೋವಿನ ಬಗ್ಗೆ ಮೆಲುದನಿಯಲ್ಲಿ ವಿಚಾರಿಸುತ್ತಿದ್ದರು. ಕಿಟಕಿಯಾಚೆ ರೈಟರು ಒಂದೊಂದು ಚೀಟಿ ಬಂದಾಗಲೂ ಅದನ್ನು ನನಗೆ ಕಾಣುವ ಹಾಗೆ ಎತ್ತಿ ಹಿಡಿದರು. ಒಂದು, ಎರಡು, ಐದು, ಏಳು. ಡ್ರೈವರುಗಳ ಕೋಣೆಯಿಂದ ಮಾತ್ರ, "ಓಯ್, ಬಾಲು ಗಾಳೀಲೇ ನಿಂತಿದೆ!" ಎಂಬ ಕೂಗು ಬಂತು. ಅವರ ದೂರನ್ನು ನಾನು ದಾಖಲು ಮಾಡಿಕೊಳ್ಳಲಿಲ್ಲ.

ಅಕ್ಕ ನನ್ನ ಕಡೆ ಬೆರಳು ತೋರಿಸಿ ಏನೋ ಕೇಳಿದಳು. ತಂಗಿ ಉತ್ತರಿಸಿದಳು. ಇಬ್ಬರೂ ನಕ್ಕರು. ಏನು ಎಂದು ನಾನು ಹುಬ್ಬು ಹಾರಿಸಿದಾಗ ರುಚಿಯ ರಿಪೋರ್ಟಿನ ಅಂಚಿನಲ್ಲೇ ಬರೆದು ತೋರಿಸಿದಳು: "ನಿಮಗೆ ಹೆಸರು ಇಟ್ಟೆವು." ಸನ್ನೆ ಭಾಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯೇ ಹೆಸರಂತೆ. ಅದನ್ನು ನಾವೇ ಇಟ್ಟುಕೊಳ್ಳುವಂತಿಲ್ಲ, ಅವರೇ ನೋಡಿ ಕೊಡಬೇಕಂತೆ. ನನ್ನ ಹೆಸರು, ತುರುಬಿಗೆ ಪೆನ್ನು ಚುಚ್ಚುವ ಸನ್ನೆ. ಆ ಕ್ಷಣದಲ್ಲೂ ನನ್ನ ತುರುಬಿನಲ್ಲಿ ಪೆನ್ನಿತ್ತು. ಆಪರೇಟರ್ ಆಗಿದ್ದಾಗ ಎರಡು ಕೈಗೂ ಕೆಲಸವಿರುತ್ತಿದ್ದುದರಿಂದ ಆದ ಅಭ್ಯಾಸ ಅದು.

ಆಮೇಲೆ ನಾನು ಸ್ವಲ್ಪ ಸ್ವಲ್ಪ ಸನ್ನೆ ಕಲಿಯತೊಡಗಿದೆ. ಐವತ್ತರ ಬೆರಳು ಬೇಗ ಬಾಗುವುದಿಲ್ಲ. "ಊಟ ಆಯ್ತಾ" ಎಂದು ಕೇಳಲು ಹೋಗಿ ಏನು ಕೇಳಿಬಿಟ್ಟೆನೋ, ಅವಳು ಚಮಚ ಕೆಳಗಿಟ್ಟು ಮೇಜು ಹಿಡಿದು ನಕ್ಕಳು. ಏನೆಂದು ಇವತ್ತಿಗೂ ಬರೆದು ತೋರಿಸಿಲ್ಲ. ರೈಟರು ನನಗಿಂತ ಚುರುಕು. ಲಾರಿ, ಚೀಟಿ, ಕಾಯಿರಿ ಎಂಬ ಮೂರು ಸನ್ನೆ ಕಲಿತು, ಅವುಗಳಲ್ಲೇ ಅವಳ ಜೊತೆ ಏನೇನೋ ಸಂಭಾಷಣೆ ನಡೆಸುತ್ತಾರೆ.

ಕಾಫಿ ಹೂವಿನ ಮಳೆ ಬಿದ್ದು, ಬಾಬಾಬುಡನ್‌ಗಿರಿಯ ತಪ್ಪಲೆಲ್ಲ ಬೆಳ್ಳಗಾಗಿದ್ದ ಒಂದು ಶನಿವಾರ ಅಕ್ಕ ಕಳಸದಿಂದ ಬಸ್ಸು ಹತ್ತಿ ತಂಗಿಯ ಕೆಲಸದ ಜಾಗ ನೋಡಲೆಂದು ಬಂದಳು. ತಂಗಿ ಅವಳಿಗೆ ಏಪ್ರನ್ ಕಟ್ಟಿ, ಆ ವರ್ಷದ ಅತ್ಯುತ್ತಮ ಆರು ಕಾಫಿಗಳನ್ನು ಸಾಲಾಗಿ ಇಟ್ಟಳು. ಮ್ಯಾನೇಜರು, ರೈಟರು, ನಾನು ಬಾಗಿಲಲ್ಲಿ ನಿಂತೆವು. ಅಕ್ಕ ಮೊದಲನೆಯ ಚಮಚವನ್ನು ತಂಗಿಯಷ್ಟೇ ಜೋರಾಗಿ ಎಳೆದಳು. ಮುಖ ಸಿಂಡರಿಸಿದಳು. ಎರಡನೆಯದು, ಮೂರನೆಯದು. ಆರನೆಯದನ್ನು ನೋಡಿಯೂ ನೋಡದ ಹಾಗೆ ದೂರ ಸರಿಸಿ, ಬಹಳ ಗಂಭೀರವಾಗಿ ತಂಗಿಗೆ ಏನೋ ಹೇಳಿದಳು. ತಂಗಿ ಹಣೆ ಚಚ್ಚಿಕೊಂಡಳು.

"ಎಂತ ಹೇಳಿದ್ಳು?" ಎಂದು ರೈಟರು ಕೇಳಿದರು.

ತಂಗಿ ಬರೆದಳು. ನಾನು ಓದಿ ಹೇಳಿದೆ: "ಎಲ್ಲ ಕಹಿಯಂತೆ. ಇಲ್ಲಿ ಎಲ್ಲಾದ್ರೂ ಒಳ್ಳೇ ಚಹಾ ಸಿಗ್ತದಾ ಅಂತ ಕೇಳ್ತಿದ್ದಾರೆ."

ಮ್ಯಾನೇಜರು ತಾವೇ ಮುಂದೆ ನಡೆದು ಎದುರಿನ ಹೋಟೆಲಿಗೆ ಕರೆದುಕೊಂಡು ಹೋದರು. ಐದು ಜನ ಒಂದೇ ಮೇಜಿಗೆ ಕುಳಿತೆವು. ಮಾಣಿ ಎಲ್ಲರಿಗೂ ಕಾಫಿಯೇ ಎಂದುಕೊಂಡು ಹೊರಟಿದ್ದ, ರೈಟರು ಅವನನ್ನು ತಡೆದು ಐದು ಚಹಾ ಹೇಳಿದರು. ಅಕ್ಕನ ಗ್ಲಾಸು ಮೊದಲು ಬಂತು.